ಪಂಚಾಂಗ ನೋಡುವ ಗಾಡಿ

ತ್ಯಾಗಲಿ
೨ ಡಿಸೆಂಬರ್ ೨೦೨೪

ಚಿ. ಸ್ಫೂರ್ತಿಗೆ ವಿಶ್ವೇಶ್ವರ ಮಾವನ ಆಶೀರ್ವಾದಗಳು.

ನೀನು ಹೇಗಿದ್ದೀಯ? ನಿನ್ನ ಕೋಣೆಯ ಜೊತೆಗಾತಿ ಮೇಧಾಳ ಕೆಮ್ಮು ಹೋಯಿತೆ? ನಿಮ್ಮ ಗ್ಯಾರೇಜಿನ ಯಜಮಾನರು ಕಲ್ಲಯ್ಯನವರ ಸಕ್ಕರೆ ಕಾಯಿಲೆ ಹತೋಟಿಗೆ ಬಂತೆ? ಇಲ್ಲಿ ನಿನ್ನ ದೇವಕಿ ಅತ್ತೆ ಆರಾಮ. ನಿನ್ನ ಅಮ್ಮ ರಾಜೀವಿಯೂ ಆರಾಮ ಎಂದು ಅಂದುಕೊಂಡಿದ್ದೇನೆ. ಅಂದುಕೊಂಡಿದ್ದೇನೆ ಅಷ್ಟೆ, ಏಕೆಂದರೆ ಒಡಹುಟ್ಟಿದ ತಂಗಿ ಮೂರು ಮೈಲಿ ದೂರದಲ್ಲಿದ್ದರೂ ಎರಡು ತಿಂಗಳಿಂದ ನಾನು ಆ ಮನೆಯ ಮೆಟ್ಟಿಲು ಹತ್ತಿಲ್ಲ. ನಿನ್ನ ಅಪ್ಪ ಕಮಲಾಕರ ಭಾವನ ಆರೋಗ್ಯ ಮಾತ್ರ ಬಹಳ ಚೆನ್ನಾಗಿದೆ. ಪ್ರತಿ ಶನಿವಾರ ಕಣ್ಣಾರೆ ನೋಡುತ್ತೇನೆ. ಅವನ ಜೀಪು ನನ್ನ ಹಿಂದಿನಿಂದ ಬಂದು ಮುಂದೆ ಹೋಗುವಷ್ಟು ಹೊತ್ತು.

ಫೋನು ಇರುವಾಗ ಈ ಮುದುಕ ಕಾಗದ ಯಾಕೆ ಬರೆದ ಎನ್ನಬೇಡ. ನಮ್ಮಲ್ಲಿ ಸಿಗ್ನಲ್ ಸಿಗುವುದು ತುಳಸಿಕಟ್ಟೆಯ ಹತ್ತಿರ ಮಾತ್ರ. ಅಲ್ಲಿ ಮಾತಾಡಿದ್ದು ಅಡುಗೆಮನೆಗೆ ಕೇಳುತ್ತದೆ. ಅಡುಗೆಮನೆಗೆ ಕೇಳಿದ್ದು ಸಂಜೆಯೊಳಗೆ ನಿನ್ನ ಅಮ್ಮನಿಗೆ ಕೇಳುತ್ತದೆ. ಇದು ಗುಟ್ಟಿನ ವಿಷಯ. ನಾನು ಏಳನೇ ಇಯತ್ತೆಗೆ ಶಾಲೆ ಬಿಟ್ಟವ, ಜೇನು ಸಾಕುವುದನ್ನು ಹುಳುವಿನಿಂದ ಕಲಿತೆ, ಬರೆಯುವುದನ್ನು ಬೆಲ್ಲ ಕಟ್ಟಿಕೊಟ್ಟ ಪೇಪರಿನಿಂದ ಕಲಿತೆ. ತಪ್ಪಿದ್ದರೆ ತಿದ್ದಿಕೊಂಡು ಓದು.

ನನ್ನ ಎಡಮಂಡಿ ಕ್ಲಚ್ಚು ಒತ್ತುವುದಕ್ಕೆ ಒಲ್ಲೆ ಎಂದ ಮೇಲೆ ಈ ಅಟೋಮ್ಯಾಟಿಕ್ ಪಿಕಪ್ಪು ತಂದದ್ದು ನಿನಗೆ ಗೊತ್ತಿದೆ. ತಾನಾಗಿಯೇ ಗೇರ್ ಹಾಕಿಕೊಳ್ಳುತ್ತದೆ, ಎಡಗಾಲಿಗೆ ಪಿಂಚಣಿ. ಆದರೆ ಏರಿನಲ್ಲಿ ಎಕ್ಸಲೇಟರ್ ಒತ್ತಿದರೆ ಒಂದು ಗಳಿಗೆ ಸುಮ್ಮನೆ ನಿಂತು ಯೋಚನೆ ಮಾಡುತ್ತದೆ. ಆಮೇಲೆ ಹೂಂ ಎಂದು ಹೊರಡುತ್ತದೆ. ಅಷ್ಟು ಹೊತ್ತಿಗೆ ಹಿಂದಿನವರು ಮುಂದಿನವರಾಗಿರುತ್ತಾರೆ.

ಪಕ್ಕದ ಮನೆಯ ಶಿಲ್ಪಾಳ ಕೂಸಿನ ತೊಟ್ಟಿಲು ಶಾಸ್ತ್ರದ ಊಟದಲ್ಲಿ ನಿನ್ನ ಅಪ್ಪ ನನ್ನ ಎದುರು ಪಂಕ್ತಿಯಲ್ಲಿ ಕೂತಿದ್ದ. ಅಪ್ಪೆಹುಳಿ ಎರಡನೇ ಸಲ ಬರುವ ಹೊತ್ತಿಗೆ ಊರಿಗೆಲ್ಲ ಕೇಳುವಂತೆ ಹೇಳಿದ: "ಭಾವನ ಗಾಡಿ ನಮ್ಮ ಗಾಡಿ ಹಂಗಲ್ದೋ. ಒತ್ತಿದ ಕೂಡ್ಲೆ ಹೋಗ್ತಿಲ್ಲೆ. ಮೊದ್ಲು ಪಂಚಾಂಗ ನೋಡ್ತು. ರಾಹುಕಾಲ ಕಳದ ಮೇಲೆಯೇ ಎರಡ್ನೇ ಗೇರಿಗೆ ಹೋಪದು!"

ಎರಡೂ ಪಂಕ್ತಿ ನಕ್ಕಿತು. ಪುರೋಹಿತರಿಗೆ ನೆತ್ತಿಗೆ ಹತ್ತಿತು. ನಾನು ಸುಮ್ಮನಿರಬೇಕಿತ್ತೇನೋ. ಭಾವಂದಿರು ಎಂದ ಮೇಲೆ ಸುಮ್ಮನಿರುವುದು ಹೇಗೆ? ನಾನೂ ಹೇಳಿದೆ: "ಯನ್ನ ಗಾಡಿ ಪಂಚಾಂಗ ನೋಡಿಯಾದ್ರೂ ಹೋಗ್ತು. ನಿನ್ನ ಜೀಪು ಹೊರಡವು ಹೇಳಾದ್ರೆ ನಾಲ್ಕು ಜನ ಹೆಗಲು ಕೊಡವು."

ತೊಟ್ಟಿಲ ಮನೆಯಲ್ಲಿ ನಾಲ್ಕು ಹೆಗಲಿನ ಮಾತು ಆಡಬಾರದಿತ್ತು ಎಂದು ದೇವಕಿ ಇವತ್ತಿಗೂ ಹೇಳುತ್ತಾಳೆ. ನಿನ್ನ ಅಪ್ಪ ಮಜ್ಜಿಗೆ ಹಾಕಿಸಿಕೊಳ್ಳದೆ ಎಲೆ ಬಿಟ್ಟು ಎದ್ದ. ಮಜ್ಜಿಗೆ ಬಿಟ್ಟು ಎದ್ದವನನ್ನು ನಾನಾಗಿ ಮಾತಾಡಿಸುವುದು ಹೇಗೆ? ಅಂದಿನಿಂದ ಮಾತಿಲ್ಲ. ಶನಿವಾರ ನಾನು ಜೇನುತುಪ್ಪದ ಡಬ್ಬಿ ಹೇರಿಕೊಂಡು ಸಿರ್ಸಿಗೆ ಹೊರಟರೆ, ನಮ್ಮ ಏರಿನಲ್ಲೇ ಸರಿಯಾಗಿ ಹಿಂದಿನಿಂದ ಬಂದು, ಪೇಂ ಎಂದು ಉದ್ದ ಹಾರ್ನು ಹೊಡೆದು, ಮುಂದೆ ಹೋಗುತ್ತಾನೆ.

ನೀನು ಗೇರುಪೆಟ್ಟಿಗೆಯ ಕೆಲಸದಲ್ಲಿ ಹುಬ್ಬಳ್ಳಿಗೇ ಹೆಸರಾದವಳು. ಒತ್ತಿದರೆ ಹಾರುವ ಹಾಗೆ ಇದನ್ನು ಮಾಡಿಕೊಡು. ಅಪ್ಪನಿಗೆ ಹೇಳಬೇಡ.

ನಿನ್ನ ಮಾವ,
ವಿಶ್ವೇಶ್ವರ

*

ಹುಬ್ಬಳ್ಳಿ
೯ ಡಿಸೆಂಬರ್ ೨೦೨೪

ಪ್ರೀತಿಯ ಮಾವನಿಗೆ ಸ್ಫೂರ್ತಿಯ ನಮಸ್ಕಾರ.

ಮೇಧಾಳ ಕೆಮ್ಮು ಹೋಯಿತು. ಕಲ್ಲಯ್ಯನವರ ಸಕ್ಕರೆ ಹೋಗಿಲ್ಲ. ನೀನು ಕೊಟ್ಟ ಜೇನುತುಪ್ಪ ಅವರ ಮೇಜಿನ ಮೇಲೇ ಇದೆ, ಇನ್ನು ಹೋಗುವುದೂ ಇಲ್ಲ.

ಮಾವ, ನಿನ್ನ ಗಾಡಿ ಕೆಟ್ಟಿಲ್ಲ. ಅದಕ್ಕೆ ಸಂಭಾವಿತರ ಗುಣ ಇದೆ. ಗೇರುಪೆಟ್ಟಿಗೆಗೆ ಒಂದು ಸಣ್ಣ ಕಂಪ್ಯೂಟರ್ ಇರುತ್ತದೆ. ನೀನು ಕಾಲಿನಿಂದ ಕೇಳಿದ್ದನ್ನು ಅದು ಲೆಕ್ಕ ಹಾಕಿ, ಒಳಗಿನ ಎಣ್ಣೆಗೆ ಒತ್ತಡ ಕೊಟ್ಟು, ಆ ಎಣ್ಣೆ ಪ್ಲೇಟುಗಳನ್ನು ಒತ್ತಿ ಹಿಡಿದಾಗ ಗೇರು ಬದಲಾಗುತ್ತದೆ. ಕೂತವರಿಗೆ ಗೊತ್ತಾಗಬಾರದು ಎಂದು ಬೇಕೆಂದೇ ಮೆಲ್ಲಗೆ ಹಿಡಿಯುವ ಹಾಗೆ ಮಾಡಿರುತ್ತಾರೆ. ಬೇಗ ಹಿಡಿಯಬೇಕಾದರೆ ಕಂಪ್ಯೂಟರಿನ ಪ್ರೋಗ್ರಾಂ ಬದಲಿಸಬೇಕು, ಎಣ್ಣೆ ಹಾಯುವ ಕಡೆ ಗಟ್ಟಿ ಸ್ಪ್ರಿಂಗು ಹಾಕಬೇಕು, ಬಿಸಿಯಾಗದಂತೆ ಎಣ್ಣೆ ತಣಿಸುವ ಜಾಲರಿಯನ್ನೂ ಕೂರಿಸಬೇಕು.

ಮಾಡಬಹುದು. ಆದರೆ ಆಮೇಲೆ ಪ್ರತಿ ಗೇರಿಗೂ ಬೆನ್ನಿಗೆ ಒಂದು ಗುದ್ದು ಬೀಳುತ್ತದೆ. ಜೇನುಪೆಟ್ಟಿಗೆ ಹೇರುವ ಗಾಡಿಗೆ ನಾನಾದರೆ ಇದನ್ನು ಮಾಡುವುದಿಲ್ಲ. "ಗಾಡಿ ಹೋದದ್ದು ಹುಳುವಿಗೆ ಗೊತ್ತಾಗಬಾರದು" ಎಂದು ನನಗೆ ಹೇಳಿಕೊಟ್ಟವನು ನೀನೇ.

ಇದಕ್ಕಿಂತ ಸುಲಭದ ರಿಪೇರಿ ಒಂದಿದೆ. ನಮ್ಮನೆಗೆ ಹೋಗಿ ಅಪ್ಪನ ಹತ್ತಿರ ಒಂದು ಲೋಟ ಮಜ್ಜಿಗೆ ಕೇಳು.

ನಿನ್ನ,
ಸ್ಫೂರ್ತಿ

*

ತ್ಯಾಗಲಿ
೧೬ ಡಿಸೆಂಬರ್ ೨೦೨೪

ಚಿ. ಸ್ಫೂರ್ತಿಗೆ ಆಶೀರ್ವಾದ.

ನಾನು ಕೇಳಿದ್ದು ಗೇರಿನ ಬಗ್ಗೆ, ಮಜ್ಜಿಗೆಯ ಬಗ್ಗೆ ಅಲ್ಲ. ಮಜ್ಜಿಗೆ ಬಿಟ್ಟು ಎದ್ದವನು ಅವನು.

ಹುಳುವಿನ ಚಿಂತೆ ನಿನಗೆ ಬೇಡ. ಪೆಟ್ಟಿಗೆಗಳನ್ನು ಯಲ್ಲಾಪುರದ ಕಡೆಗೆ ಒಯ್ಯುವುದು ನೇರಳೆ ಹೂ ಬಿಟ್ಟಾಗ, ವರ್ಷಕ್ಕೊಮ್ಮೆ. ಶನಿವಾರ ವಾರಕ್ಕೊಮ್ಮೆ ಬರುತ್ತದೆ. ಬರುವ ಸೋಮವಾರ ಗಾಡಿ ತರುತ್ತೇನೆ. ದೇವಕಿಗೆ ಕಣ್ಣಿನ ಡಾಕ್ಟರ ಹತ್ತಿರ ಎಂದು ಹೇಳಿದ್ದೇನೆ. ಅವಳು ನಿನಗೆಂದು ಒಂದು ಬಾಟಲಿ ಮಿಡಿ ಉಪ್ಪಿನಕಾಯಿ ತುಂಬಿಟ್ಟಿದ್ದಾಳೆ. ಕಣ್ಣಿನ ಡಾಕ್ಟರ ಹತ್ತಿರ ಹೋಗುವವನ ಕೈಯಲ್ಲಿ ಅದನ್ನು ಯಾಕೆ ಕೊಟ್ಟಳೋ ಗೊತ್ತಿಲ್ಲ.

ನಿನ್ನ ಮಾವ,
ವಿಶ್ವೇಶ್ವರ

*

ತ್ಯಾಗಲಿ
೧೩ ಜನವರಿ ೨೦೨೫

ಚಿ. ಸ್ಫೂರ್ತಿಗೆ ಸಾವಿರ ಆಶೀರ್ವಾದ.

ಗೆದ್ದೆ ಮಗಳೇ!

ನೀನು ಗಾಡಿಯ ಅಡಿಗೆ ಮಲಗಿ, ಮೊಣಕೈ ತನಕ ಎಣ್ಣೆ ಬಳಿದುಕೊಂಡು ಕೆಲಸ ಮಾಡಿದ್ದು ಇನ್ನೂ ಕಣ್ಣ ಮುಂದಿದೆ. ಅಂದು ಕಲ್ಲಯ್ಯನವರು ನನಗೆ ಚಹಾ ಕೊಡುತ್ತ, "ಹೆಗಡೇರ, ನಮ್ಮ ನಿಮ್ಮ ವಯಸ್ಸಿಗೆ ಗಾಡಿ ಮೆಲ್ಲಕ ಹೋಗೂದ ಚಲೋರಿ" ಎಂದರು. ನಿಮಗೆ ಭಾವ ಇಲ್ಲ ಕಾಣುತ್ತದೆ ಎಂದೆ. "ಇಬ್ಬರ ಅದಾರ್ರಿ. ಅದಕ್ಕ ಹೇಳಿದೆ" ಎಂದರು. ಬಿಚ್ಚಿದ ಹಳೆಯ ಸ್ಪ್ರಿಂಗುಗಳನ್ನು ನೀನು ಖಾಲಿಯಾದ ಆ ಉಪ್ಪಿನಕಾಯಿ ಬಾಟಲಿಗೆ ಹಾಕಿ, ಮೇಲೆ ಚೀಟಿ ಅಂಟಿಸಿ 'ಪಂಚಾಂಗ' ಎಂದು ಬರೆದಾಗ ನಾನು ನಕ್ಕಿದ್ದೆ. ಒಂದು ಬಾಟಲಿ ಉಪ್ಪಿನಕಾಯಿ ಎರಡು ದಿನಕ್ಕೆ ಖಾಲಿ ಮಾಡುತ್ತೀರಲ್ಲ, ಅನ್ನ ಉಣ್ಣುತ್ತೀರೋ ಇಲ್ಲವೋ?

ಮೊನ್ನೆ ಶನಿವಾರ ಬೇಕೆಂದೇ ಏರಿನ ಬುಡದಲ್ಲಿ ಮೆಲ್ಲಗೆ ಹೋದೆ. ಹಿಂದೆ ಜೀಪು ಬಂತು, ಅದರ ಕೆಮ್ಮು ನನಗೆ ಗೊತ್ತು. ನಿನ್ನ ಅಪ್ಪ ಎಂದಿನಂತೆ ಬಲಕ್ಕೆ ಎಳೆದು ಹಾರ್ನಿಗೆ ಕೈ ಹಾಕಿದ. ನಾನು ಎಕ್ಸಲೇಟರ್ ಒತ್ತಿದೆ. ಆ ಪೇಂ ಎಂಬುದರಲ್ಲಿ ಅರ್ಧ ಮಾತ್ರ ನನಗೆ ಕೇಳಿತು. ಉಳಿದ ಅರ್ಧ ಅವನು ಹೊಡೆಯುವಾಗ ನಾನು ಮೇಲಿನ ತಿರುವಿಗೆ ಮುಟ್ಟಿದ್ದೆ. ಕನ್ನಡಿಯಲ್ಲಿ ನೋಡಿದರೆ ಜೀಪು ಕಟ್ಟಿರುವೆಯಷ್ಟು ಇತ್ತು.

ಒಂದು ಸಣ್ಣ ತೊಂದರೆ ಆಯಿತು. ನಿನ್ನ ಅತ್ತೆ ತವರಿಗೆ ಕೊಡಲೆಂದು ತೊಡೆಯ ಮೇಲೆ ದೋಸೆ ಹಿಟ್ಟಿನ ಪಾತ್ರೆ ಇಟ್ಟುಕೊಂಡಿದ್ದಳು. ಎರಡನೇ ಗೇರಿಗೆ ಅರ್ಧ ಹಿಟ್ಟು ಸೀರೆಗೆ ಬಂತು, ಮೂರನೇ ಗೇರಿಗೆ ಉಳಿದದ್ದು ಎದುರಿನ ಗಾಜಿಗೆ ಹೋಯಿತು. "ಇದು ಗಾಡಿಯೋ, ಹಗ್ಗ ಹರ್ಕಂಡ ಹೋರಿಯೋ? ಕಣ್ಣಿನ ಡಾಕ್ಟ್ರು ಇದನ್ನೇ ಮಾಡಿ ಕಳ್ಸಿದ್ದಾ?" ಎಂದಳು. ಸಿರ್ಸಿಯಿಂದ ಮನೆಗೆ ಬಸ್ಸಿನಲ್ಲಿ ಬಂದಳು.

ಇರಲಿ. ನಿನ್ನ ಅಪ್ಪ ಏನಾದರೂ ಹೇಳಿದನೆ? ಸುಮ್ಮನೆ ಕೇಳಿದೆ.

ನಿನ್ನ ಮಾವ,
ವಿಶ್ವೇಶ್ವರ

*

ಹುಬ್ಬಳ್ಳಿ
೮ ಫೆಬ್ರವರಿ ೨೦೨೫

ಪ್ರೀತಿಯ ಮಾವನಿಗೆ,

ತಡವಾಯಿತು, ಸಿಟ್ಟು ಬೇಡ. ಅತ್ತೆಯ ಸೀರೆಯ ಪಾಪ ನನಗೂ ಅರ್ಧ ಬಂತು.

ಅಪ್ಪ ಏನೂ ಹೇಳಲಿಲ್ಲ. ಫೋನಿನಲ್ಲಿ ಗಾಡಿಯ ವಿಷಯ ತೆಗೆದರೆ ಹವಾಮಾನದ ವಿಷಯ ಹೇಳುತ್ತಾನೆ. ಆದರೆ ಅಮ್ಮ ಒಂದು ಮಾತು ಹೇಳಿದಳು. ಜನವರಿಯಿಂದ ಅಪ್ಪ ಶನಿವಾರ ಸಿರ್ಸಿಗೆ ಹೋಗುವುದನ್ನೇ ಬಿಟ್ಟಿದ್ದಾನಂತೆ. ಕೇಳಿದರೆ "ಸಿರ್ಸಿಯಲ್ಲಿ ಎಂತ ಇದ್ದು?" ಎನ್ನುತ್ತಾನಂತೆ. ಮೂವತ್ತು ವರ್ಷ ಅಲ್ಲಿ ಏನಿತ್ತೋ ಅದೇ ಇದೆಯಲ್ಲ ಎಂದು ಅಮ್ಮ.

ನೀನು ಗೆದ್ದೆ ಮಾವ. ಈಗ ಏನು ಮಾಡುತ್ತೀಯ?

ನಿನ್ನ,
ಸ್ಫೂರ್ತಿ

*

ತ್ಯಾಗಲಿ
೧೭ ಫೆಬ್ರವರಿ ೨೦೨೫

ಚಿ. ಸ್ಫೂರ್ತಿಗೆ ಆಶೀರ್ವಾದ.

ಗೆದ್ದವನಿಗೆ ಸೋತವನು ಒಬ್ಬ ಬೇಕಲ್ಲ. ಏರಿನಲ್ಲಿ ನಾನೊಬ್ಬನೇ ಹಾರುತ್ತೇನೆ. ಹಾರಿ ಹಿಂದೆ ನೋಡಿದರೆ ಬರೀ ರಸ್ತೆ.

ಮೊನ್ನೆ ಶನಿವಾರ ಏರಿನ ಬುಡದಲ್ಲಿ ಗಾಡಿ ನಿಲ್ಲಿಸಿ, ಬಾನೆಟ್ಟು ಎತ್ತಿ ಸುಮ್ಮನೆ ನಿಂತೆ. ಎರಡು ಬೈಕು, ಒಂದು ಹಾಲಿನ ಗಾಡಿ, ಕಡೆಗೆ ಸರ್ಕಾರಿ ಬಸ್ಸೂ ನಿಂತು "ಎಂತಾತು ಹೆಗಡೇರೆ?" ಎಂದು ಕೇಳಿದವು. ಇಂಜಿನ್ನಿಗೆ ಗಾಳಿ ಹಾಕಿಸುತ್ತಿದ್ದೇನೆ ಎಂದೆ. ಒಳಗೆ ಕೂತ ದೇವಕಿಗೆ ಸಾಕಾಯಿತು. "ಜೀಪು ಬತ್ತಿಲ್ಲೆ, ಗೊತ್ತಾತಲೀ. ಬಾನೆಟ್ ಮುಚ್ಚಿ, ಹೋಪನ" ಎಂದಳು. ಅವಳಿಗೆ ಎಲ್ಲ ಗೊತ್ತಾಗುತ್ತದೆ.

ವಾರಕ್ಕೊಮ್ಮೆ ಒಬ್ಬರನ್ನೊಬ್ಬರು ಹಂಗಿಸದೆ ನಾನೂ ನಿನ್ನ ಅಪ್ಪನೂ ಇದ್ದದ್ದಿಲ್ಲ. ಮಾತು ನಿಂತ ಮೇಲೆ ಹಾರ್ನಾದರೂ ಇತ್ತು. ಆ ಪೇಂ ಕೇಳಿದರೆ, ಸರಿ, ಭಾವ ಗಟ್ಟಿ ಇದ್ದಾನೆ, ಸಿಟ್ಟೂ ಗಟ್ಟಿ ಇದೆ ಎಂದು ಗೊತ್ತಾಗುತ್ತಿತ್ತು. ಈಗ ಅದೂ ಇಲ್ಲ. ಸೋತದ್ದಕ್ಕೆ ಇಷ್ಟು ಸೊರಗುವ ಜನ ಅಲ್ಲ ಅವನು. ನೀನು ಅಮ್ಮನ ಹತ್ತಿರ ಇನ್ನೊಮ್ಮೆ ಕೇಳು.

ನೇರಳೆ ಮೊಗ್ಗು ಕಟ್ಟುತ್ತಿದೆ. ವರ್ಷವೂ ಇಬ್ಬರ ಪೆಟ್ಟಿಗೆಗಳೂ ಒಟ್ಟಿಗೇ ಯಲ್ಲಾಪುರಕ್ಕೆ ಹೋಗುತ್ತಿದ್ದವು. ಈ ಸಲ ಹೇಗೋ.

ನಿನ್ನ ಮಾವ,
ವಿಶ್ವೇಶ್ವರ

*

ತ್ಯಾಗಲಿ
೨೩ ಮಾರ್ಚ್ ೨೦೨೫

ಚಿ. ಸ್ಫೂರ್ತಿಗೆ ಆಶೀರ್ವಾದ.

ಕೈ ಊದಿದೆ, ಅಕ್ಷರ ಸೊಟ್ಟ ಬಂದರೆ ಕ್ಷಮಿಸು. ಮುಖದ ವಿಷಯ ಬರೆಯುವುದಿಲ್ಲ. ಮೊದಲು ಓದಿ ಮುಗಿಸು, ಆಮೇಲೆ ನಗು.

ಯಲ್ಲಾಪುರಕ್ಕೆ ಹೊರಡುವ ಹಿಂದಿನ ಸಂಜೆ ಹುಳು ಮನೆ ಸೇರಿದ ಮೇಲೆ ಪೆಟ್ಟಿಗೆಗಳ ಬಾಗಿಲು ಮುಚ್ಚಿ, ಹೇರಿ, ಹಗ್ಗ ಬಿಗಿದಿದ್ದೆ. ಬೆಳಕು ಹರಿಯುವಾಗ ಹೊರಟೆ. ಮೊಟ್ಟೆಯ ಮೇಲೆ ಕಾಲಿಟ್ಟ ಹಾಗೆ ಓಡಿಸಿದೆ. ನೋಡಿದರೆ ಹಿಂದೆ, ಬಹಳ ಹಿಂದೆ, ನಿನ್ನ ಅಪ್ಪನ ಜೀಪು. ಅದರಲ್ಲೂ ಪೆಟ್ಟಿಗೆ. ನೇರಳೆಗೆ ನಮ್ಮ ಜಗಳ ಗೊತ್ತಿಲ್ಲ ನೋಡು, ಇಬ್ಬರನ್ನೂ ಒಂದೇ ದಿನ ಕರೆದಿತ್ತು. ನನಗೆ ಎಷ್ಟು ಸಂತೋಷವಾಯಿತು ಎಂದರೆ, ಜೀಪು ಹತ್ತಿರ ಬರಲಿ ಎಂದು ಇನ್ನೂ ಮೆಲ್ಲಗೆ ಮಾಡಿದೆ. ಅದೂ ಮೆಲ್ಲಗೆ ಮಾಡಿತು. ಹೀಗೆ ಸಿರ್ಸಿ ದಾಟಿದೆವು.

ಯಲ್ಲಾಪುರ ಇನ್ನೇನು ಬಂತು ಎನ್ನುವಾಗ ಒಂದು ಏರು. ಆಗ ಹಿಂದಿನಿಂದ ಕೇಳಿತು, ಪೇಂ. ಎರಡು ತಿಂಗಳ ಮೇಲೆ ಕೇಳಿದ ಪೇಂ! ನನ್ನ ತಲೆ ಹುಳುವಿನ ನೆನಪು ಇಟ್ಟುಕೊಂಡಿತ್ತು. ಕಾಲು ಇಟ್ಟುಕೊಂಡಿರಲಿಲ್ಲ. ಒತ್ತಿಬಿಟ್ಟಿತು.

ಗಾಡಿ ಹಾರಿತು. ನೀನು ಹೇಳಿದ ಗುದ್ದು ಬಿತ್ತು. ಮೇಲಿನ ಸಾಲಿನ ಒಂದು ಪೆಟ್ಟಿಗೆ ಹಗ್ಗದಿಂದ ನುಸುಳಿ ಮುಚ್ಚಳ ತೆರೆಯಿತು. ಮುಂದಿನದು ಏನು ಹೇಳಲಿ? ನಾನು ಗಾಜು ಏರಿಸುವ ಮೊದಲೇ ಒಂದು ಹಿಡಿ ಹುಳು ಒಳಗೆ ಬಂತು. ರಸ್ತೆ ಬದಿಯಲ್ಲಿ ಗಿರಿಜವ್ವ ಎಂಬ ಒಬ್ಬ ಹೆಂಗಸಿನ ಚಹಾದಂಗಡಿ. ಅಲ್ಲಿ ಇಡ್ಲಿ ತಿನ್ನುತ್ತಿದ್ದವರು ತಟ್ಟೆ ಸಮೇತ ಓಡಿದರು. "ಯಜ್ಜಾರ, ನಿಮ್ಮ ಹುಳಾ ನನ್ನ ಗಿರಾಕೀನೆಲ್ಲ ಓಡಿಸಿದ್ವಲ್ರಿ! ತಾಟಾರ ತಂದು ಕೊಡ್ಸರಿ!" ಎಂದು ಅವಳು ಬಾಗಿಲ ಸಂದಿಯಿಂದ ಕೂಗುತ್ತಿದ್ದಳು.

ಜೀಪು ಹಿಂದೆ ಬಂದು ನಿಂತಿತು. ರಾಣಿಹುಳು ಹಾರಿದ್ದೇ ಅದರ ಕಡೆಗೆ. ನೋಡುತ್ತಿದ್ದ ಹಾಗೆ ಇಡೀ ಸಂಸಾರ ಜೀಪಿನ ಟಾಪಿನ ಅಂಚಿಗೆ ಹಲಸಿನಕಾಯಿಯ ಹಾಗೆ ಜೋತುಬಿತ್ತು.

ನಮ್ಮಲ್ಲಿ ರೂಢಿ ನಿನಗೆ ಗೊತ್ತು. ಹಾರಿದ ಹುಳು ಯಾರ ಜಾಗದಲ್ಲಿ ಕೂರುತ್ತದೋ ಅವರನ್ನು ಕೇಳದೆ ಮುಟ್ಟುವಂತಿಲ್ಲ. ಮುಖದ ಬಲೆ ಹಾಕಿಕೊಂಡು ಜೀಪಿನ ಪಕ್ಕ ಹೋಗಿ ನಿಂತೆ. ಬಲೆ ಹಾಕಿಕೊಳ್ಳುವುದು ತಡವಾಗಿತ್ತು, ಅದು ಬೇರೆ ಮಾತು. ನಿನ್ನ ಅಪ್ಪ ಎದುರಿಗೇ ನೋಡುತ್ತ ಕೂತಿದ್ದ.

"ಯಾರ ಹುಳು?" ಎಂದ.

"ಯನ್ನ ಹುಳು."

"ಯಾರ ಜೀಪು?"

"ನಿನ್ನ ಜೀಪು."

"ಹಂಗಾರೆ ಕೇಳು."

"ಭಾವಾ, ಹುಳು ತಗಳ್ಳನಾ?"

"ತಗ" ಎಂದ. ಆಮೇಲೆ, "ಪಂಚಾಂಗ ಎಲ್ಲಿ ಹೋತು?"

"ಹರಿದು ಹೋತು."

ಅವನ ಮೀಸೆ ಅಲುಗಿತು. ಇಳಿದು ಪೆಟ್ಟಿಗೆ ಹಿಡಿ ಎಂದೆ. ಇಳಿಯಲಿಲ್ಲ. ಇನ್ನೂ ಇಷ್ಟು ಜಂಬವೇ ಎಂದು ನನಗೆ ಸಿಟ್ಟು ಬಂತು. ಆಮೇಲೆ ನೋಡಿದೆ. ಎರಡೂ ಕೈಯಲ್ಲಿ ಎಡಮಂಡಿ ಹಿಡಿದುಕೊಂಡಿದ್ದ.

"ಎಂತ ಆಜು ಭಾವಾ?"

"ಎಂತೂ ಆಜಿಲ್ಲೆ. ಹತ್ತುವಾಗ ರಾಜೀವಿ ಎತ್ತಿ ಕೂರಿಸಿದ್ದು. ಇಳಿಯದನ್ನ ಯಲ್ಲಾಪುರದಲ್ಲಿ ನೋಡನ ಹೇಳಿ ಹೊರಟದ್ದು."

ಸ್ಫೂರ್ತಿ, ಅವನು ಅಷ್ಟು ದೂರ ಪ್ರತಿ ಗೇರಿಗೂ ಕೈಯಲ್ಲಿ ಮಂಡಿಯನ್ನು ಒತ್ತಿ ಒತ್ತಿ ಕ್ಲಚ್ಚು ತುಳಿದುಕೊಂಡು ಬಂದಿದ್ದ. ಶನಿವಾರ ಬಿಟ್ಟದ್ದು ನನ್ನ ಗಾಡಿಗೆ ಸೋತು ಅಲ್ಲ. ಯಾಕೆ ಹೇಳಲಿಲ್ಲ ಎಂದು ಕೇಳಿದೆ. "ಹೇಳಿದ್ರೆ ಅಟೋಮ್ಯಾಟಿಕ್ ತಗ ಹೇಳ್ತಿದ್ದೆ ನೀನು" ಎಂದ. ಹೇಳುತ್ತಿದ್ದೆ, ಸುಳ್ಳಲ್ಲ. ಹೇಳಿ ನಗುತ್ತಲೂ ಇದ್ದೆ.

ಆ ಜೀಪನ್ನು ಮುಂದೆ ಒಯ್ಯುವುದಕ್ಕೆ ಒಂದು ಒಳ್ಳೆಯ ಎಡಗಾಲು ಬೇಕಿತ್ತು. ನಮ್ಮಿಬ್ಬರ ಹತ್ತಿರ ಸೇರಿ ಒಂದೂ ಇರಲಿಲ್ಲ. ಅವನನ್ನು ನಾನು ಇಳಿಸಿಕೊಂಡೆ. ಹುಳುವನ್ನು ಪೆಟ್ಟಿಗೆಗೆ ಇಳಿಸಿದೆವು. ಅವನ ಪೆಟ್ಟಿಗೆಗಳನ್ನೂ ನನ್ನ ಗಾಡಿಗೆ ಹೇರಿ, ಜೀಪನ್ನು ಗಿರಿಜವ್ವನ ಅಂಗಡಿಯ ಮುಂದೆ ಬಿಟ್ಟು, ಎತ್ತಿನ ಗಾಡಿಯಂತೆ ಯಲ್ಲಾಪುರ ಮುಟ್ಟಿದೆವು.

ನಿನ್ನ ಮಾವ,
ವಿಶ್ವೇಶ್ವರ

*

ಹುಬ್ಬಳ್ಳಿ
೩೧ ಮಾರ್ಚ್ ೨೦೨೫

ಪ್ರೀತಿಯ ಮಾವನಿಗೆ,

ಓದಿ ಮುಗಿಸಿಯೇ ನಕ್ಕೆ. ಮಂಡಿಯ ಜಾಗದಲ್ಲಿ ನಗಲಿಲ್ಲ. ಅಮ್ಮನಿಗೆ ಫೋನು ಮಾಡಿ ಜಗಳವಾಡಿದೆ. "ಯಾರಿಗೂ ಹೇಳಡ ಹೇಳಿ ಅಪ್ಪ ಆಣೆ ಹಾಕ್ಸಿದ್ದ" ಎಂದಳು. ಬರುವ ವಾರ ಅಪ್ಪನನ್ನು ಇಲ್ಲಿಗೆ ಡಾಕ್ಟರ ಹತ್ತಿರ ಕರೆಸಿಕೊಳ್ಳುತ್ತೇನೆ. ಇದು ನಿಜವಾದ ಡಾಕ್ಟರು.

ಬಾಟಲಿ ಭದ್ರವಾಗಿದೆ. ಮೇಧಾ ಒಮ್ಮೆ ಊಟಕ್ಕೆ ಕೂತಾಗ ತೆರೆದು ನೋಡಿ ಮುಚ್ಚಿಟ್ಟಳು. ಪಂಚಾಂಗ ತಿರುಗಿ ಹಾಕಲೇ? ಅಪ್ಪ ಏನೆನ್ನುತ್ತಾನೆ?

ನಿನ್ನ,
ಸ್ಫೂರ್ತಿ

*

ತ್ಯಾಗಲಿ
೧೪ ಏಪ್ರಿಲ್ ೨೦೨೫

ಚಿ. ಸ್ಫೂರ್ತಿಗೆ ಆಶೀರ್ವಾದ.

ನಿಮ್ಮ ಡಾಕ್ಟರು ಕೊಟ್ಟ ಎಣ್ಣೆಯನ್ನು ನಿನ್ನ ಅಪ್ಪ ಹಚ್ಚಿಕೊಳ್ಳುತ್ತಿದ್ದಾನೆ. ಉಳಿದದ್ದನ್ನು ನಾನು ಹಚ್ಚಿಕೊಳ್ಳುತ್ತಿದ್ದೇನೆ. ಮೊನ್ನೆ ನಮ್ಮಲ್ಲಿ ಊಟಕ್ಕೆ ಬಂದಿದ್ದ. ಕಡೆಗೆ ದೇವಕಿ ಮಜ್ಜಿಗೆ ತಂದಾಗ ಎರಡು ಸಲ ಹಾಕಿಸಿಕೊಂಡ. "ಒಂದು ಇವತ್ತಿಂದು, ಒಂದು ಆ ದಿನದ್ದು" ಎಂದ.

ಬೇರೆಯವರ ಕೈಯಲ್ಲಿ ತರಿಸಿದ ಜೀಪು ಅವನ ಅಂಗಳದಲ್ಲಿ ನಿಂತಿದೆ. ಈಗ ಶನಿವಾರ ಇಬ್ಬರೂ ನನ್ನ ಗಾಡಿಯಲ್ಲೇ ಸಿರ್ಸಿಗೆ ಹೋಗುತ್ತೇವೆ. ಒಂದು ಸಲ ನೋಡನ ಎಂದು ಅವನು ಸ್ಟಿಯರಿಂಗ್ ಹಿಡಿದದ್ದೇ ತಪ್ಪಾಯಿತು. ಬಿಡುವುದೇ ಇಲ್ಲ. ಎಡಗಾಲು ಮಡಿಸಿಟ್ಟುಕೊಂಡು ಬಲಗಾಲಿನಲ್ಲಿ ರಾಜ್ಯವಾಳುತ್ತಾನೆ. ಗೇರು ಗುದ್ದಿದಾಗಲೆಲ್ಲ ಆಹಾ ಎನ್ನುತ್ತಾನೆ, ನಾನು ಹಲ್ಲಿನ ಸೆಟ್ಟು ಹಿಡಿದುಕೊಳ್ಳುತ್ತೇನೆ. ಹಳೆಯ ಸ್ಪ್ರಿಂಗು ಹಾಕಿಸೋಣ ಎಂದರೆ, "ಪಂಚಾಂಗ ಮನೆಯಲ್ಲಿ ಇದ್ದು ಭಾವ, ಗಾಡಿಗೆ ಎಂತಕ್ಕೆ?" ಎನ್ನುತ್ತಾನೆ. ನನ್ನ ಮಾತನ್ನು ನನ್ನದೇ ಗಾಡಿಯಲ್ಲಿ ಕೇಳುವವರಿಲ್ಲ.

ಮೊನ್ನೆ ಶನಿವಾರ ನಮ್ಮ ಏರಿನಲ್ಲಿ, ಮುಂದೆಯೂ ಯಾರಿಲ್ಲ, ಹಿಂದೆಯೂ ಯಾರಿಲ್ಲ, ಪೇಂ ಎಂದು ಉದ್ದ ಹಾರ್ನು ಹೊಡೆದ.

"ಯಾರಿಗೆ ಭಾವಾ?" ಎಂದೆ.

"ಮುಂಚೆ ಇಲ್ಲಿ ಒಬ್ಬ ಮುದುಕ ಅಡ್ಡ ಬತ್ತಿದ್ದ" ಎಂದ.

ಮಳೆ ಹಿಡಿಯುವ ಮೊದಲು ಪೆಟ್ಟಿಗೆಗಳನ್ನು ಯಲ್ಲಾಪುರದಿಂದ ತಿರುಗಿ ತರಬೇಕು. ಗಿರಿಜವ್ವನ ಅಂಗಡಿಯ ಮುಂದೆಯೇ ಹೋಗಬೇಕು, ಅವಳ ಎರಡು ತಾಟು ಇನ್ನೂ ಸಿಕ್ಕಿಲ್ಲ. ಆದ್ದರಿಂದ ಮೇ ತಿಂಗಳಿಗೆ ನೀನು ಬರುವಾಗ ಆ ಬಾಟಲಿಯನ್ನು ಮರೆಯದೆ ತಾ. ಉಪ್ಪಿನಕಾಯಿ ಬಾಟಲಿಯೇ ತಾನೆ, ಯಾರಿಗೂ ಅನುಮಾನ ಬಾರದು. ನಿನ್ನ ಅಪ್ಪ ಮಧ್ಯಾಹ್ನ ಮಲಗಿದ ಹೊತ್ತಿನಲ್ಲಿ ಕೆಲಸ ಮುಗಿಸಿಬಿಡು.

ಯಾವ ದಿನ ಬರುತ್ತೀಯ ಎಂದು ಬೇಗ ಬರೆ. ಕಾಗದವನ್ನೇ ಬರೆ. ಫೋನು ಮಾಡಬೇಡ, ನಿನ್ನ ಅಪ್ಪ ಈಗ ದಿನವೂ ಸಂಜೆ ನಮ್ಮ ತುಳಸಿಕಟ್ಟೆಯ ಹತ್ತಿರವೇ ಕೂತಿರುತ್ತಾನೆ.

ನಿನ್ನ ಮಾವ,
ವಿಶ್ವೇಶ್ವರ